ಎರಡು ಗುಂಟೆ ಚೌಕದ ಒಂದು ಬದಿ ಎಷ್ಟು ಅಡಿ? ಪೂರ್ಣ ವರ್ಗವಲ್ಲದ ಸಂಖ್ಯೆಗೆ ವರ್ಗಮೂಲ ಹುಡುಕುವ ದಾರಿ

ತೀರ್ಥಹಳ್ಳಿ ಕಡೆಯ ಜುಲೈ ಮಳೆ ಹೇಗಿರುತ್ತೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಕರೆಂಟು ಹೋಗಿ ಎರಡು ದಿನವಾಗಿತ್ತು. ಮೊಬೈಲಿನಲ್ಲಿ ಚಾರ್ಜಿರಲಿಲ್ಲ. ಪಕ್ಕದ ಮನೆ ಗೌಡರು ಮೊಮ್ಮಗಳನ್ನು ಕರೆದುಕೊಂಡು ಬಂದರು. ಕೊಡೆಯನ್ನು ಜಗಲಿಯ ಮೂಲೆಗಿಟ್ಟು ಕೂತರು. ಎರಡು ಗುಂಟೆ ಜಾಗದಲ್ಲಿ ಅಡಿಕೆ ಸಸಿ ಮಾಡಬೇಕು, ಹಂದಿ ನುಗ್ಗದ ಹಾಗೆ ಸುತ್ತ ತಂತಿ ಜಾಲರಿ ಹಾಕಬೇಕು ಅನ್ನೋದು ಅವರ ಯೋಚನೆ. ಜಾಗ ಚೌಕವಾಗಿಯೇ ಇರಲಿ ಅಂತ ಆಸೆ.

"ಒಂದು ಗುಂಟೆ ಅಂದ್ರೆ ಮೂವತ್ತಮೂರಕ್ಕೆ ಮೂವತ್ತಮೂರು ಅಡಿ. ಎರಡು ಗುಂಟೆಗೆ ಅರವತ್ತಾರಕ್ಕೆ ಅರವತ್ತಾರು. ನಾಲ್ಕು ಬದಿ ಸೇರಿ ಇನ್ನೂರ ಅರವತ್ತನಾಲ್ಕು ಅಡಿ ಜಾಲರಿ ತಂದ್ರೆ ಆಯ್ತಲ್ವಾ ಮಾರಾಯ?" ಅಂದರು.

"ತಡೀರಿ ಗೌಡ್ರೆ, ಅಷ್ಟು ಬೇಡ" ಅಂತ ಸೀಮೆಸುಣ್ಣ ತಂದು ಜಗಲಿಯ ಮೇಲೆ ಒಂದು ಚೌಕ ಬರೆದೆ. ಅದು ಒಂದು ಗುಂಟೆ. ಅದರ ಬಲಕ್ಕೆ ಇನ್ನೊಂದು. ಈಗ ಉದ್ದ 66 ಆಯಿತು, ಆದರೆ ಅಗಲ ಇನ್ನೂ 33. ಚೌಕ ಆಗಬೇಕು ಅಂದರೆ ಕೆಳಗೂ ಎರಡು ಸೇರಿಸಬೇಕು. ಒಟ್ಟು ನಾಲ್ಕು. ಅರವತ್ತಾರಕ್ಕೆ ಅರವತ್ತಾರು ಅಂದರೆ ಎರಡು ಗುಂಟೆ ಅಲ್ಲ, ನಾಲ್ಕು ಗುಂಟೆ. ಗೌಡರು ಗೆರೆಗಳನ್ನೇ ನೋಡುತ್ತಾ ಕೂತರು. ಆಮೇಲೆ, "ಹಂಗಾದ್ರೆ ಎರಡಕ್ಕೆ ಎಷ್ಟು?" ಅಂದರು.

ಅವರ ಮೊಮ್ಮಗಳು ಒಂಬತ್ತನೇ ಕ್ಲಾಸು. ಅಷ್ಟರಲ್ಲಿ ಲೆಕ್ಕ ಹಾಕಿಬಿಟ್ಟಿದ್ದಳು. 33 × 33 = 1089. ಎರಡು ಗುಂಟೆ ಅಂದರೆ 2178 ಚದರ ಅಡಿ. ಬದಿ ಬೇಕು ಅಂದರೆ √2178. ಅಲ್ಲಿಗೆ ನಿಂತಳು. "ಅದು ಪೂರ್ಣ ವರ್ಗ ಅಲ್ಲ ಮಾವ, ಉತ್ತರ ಬರಲ್ಲ" ಅಂದಳು.

ಈ ಮಾತು ನಾನು ತುಂಬಾ ಮಕ್ಕಳ ಬಾಯಲ್ಲಿ ಕೇಳಿದ್ದೇನೆ. ದೊಡ್ಡವರ ಬಾಯಲ್ಲೂ ಕೇಳಿದ್ದೇನೆ. ಉತ್ತರ ಬಂದೇ ಬರುತ್ತೆ. ಅಷ್ಟೇ ಅಲ್ಲ, ಎರಡು ರೂಪದಲ್ಲಿ ಬರುತ್ತೆ. ಒಂದು, ಕೂದಲೆಳೆಯಷ್ಟೂ ತಪ್ಪಿಲ್ಲದ ರೂಪ. ಇನ್ನೊಂದು, ಟೇಪು ಹಿಡಿದು ಅಳೆಯಲು ಬರುವ ರೂಪ. ಎರಡನ್ನೂ ಪೆನ್ನು ಕಾಗದದಲ್ಲಿ ಮಾಡುವ ಬಗೆಯನ್ನು ಅವತ್ತು ಜಗಲಿಯಲ್ಲಿ ತೋರಿಸಿದ ಕ್ರಮದಲ್ಲೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅಡಿಕೆ ಜೋಡಿಸಿ ನೋಡಿ

ಸೂತ್ರಕ್ಕೆ ಹೋಗುವ ಮೊದಲು ಕೈಯಲ್ಲಿ ಮಾಡಿ ನೋಡಬೇಕು. ಒಂದು ಬಟ್ಟಲು ಗೋಟಡಿಕೆ ತಗೊಳ್ಳಿ. ಹುಣಸೆ ಬೀಜ ಆದರೂ ನಡೆಯುತ್ತೆ. ಸಾಲಿಗೆ ಮೂರರಂತೆ ಮೂರು ಸಾಲು ಇಟ್ಟರೆ ಒಂಬತ್ತು, ಚೌಕ ಆಯಿತು. ಸಾಲಿಗೆ ನಾಲ್ಕರಂತೆ ನಾಲ್ಕು ಸಾಲು ಇಟ್ಟರೆ ಹದಿನಾರು, ಅದೂ ಚೌಕ. ಹೀಗೆ ಸರಿಯಾಗಿ ಚೌಕ ಕೂರುವ ಸಂಖ್ಯೆಗಳೇ ಪೂರ್ಣ ವರ್ಗಗಳು. ಒಂದು ಬದಿಯಲ್ಲಿ ಎಷ್ಟು ಅಡಿಕೆ ಇದೆಯೋ ಅದೇ ವರ್ಗಮೂಲ.

ಈಗ ಹನ್ನೆರಡು ಅಡಿಕೆ ತಗೊಳ್ಳಿ. ಮೂರು ಸಾಲು ಇಟ್ಟಾಗ ಒಂಬತ್ತು ಖರ್ಚಾಯಿತು, ಕೈಯಲ್ಲಿ ಮೂರು ಉಳಿಯಿತು. ಇದನ್ನು ನಾಲ್ಕರ ಚೌಕ ಮಾಡಲು ಏನು ಬೇಕು? ಬಲಗಡೆ ಮೂರು, ಕೆಳಗಡೆ ಮೂರು, ಮೂಲೆಗೆ ಒಂದು. ಒಟ್ಟು ಏಳು. ಏಳು ಬೇಕಾದಲ್ಲಿ ನಮ್ಮ ಹತ್ರ ಇರೋದು ಮೂರು. ಅಂದರೆ ಮೂರರಿಂದ ನಾಲ್ಕರ ಕಡೆಗೆ ಏಳರಲ್ಲಿ ಮೂರು ಪಾಲು ದಾರಿ ಸಾಗಿದ್ದೇವೆ. ಹಾಗಾಗಿ √12 ಹತ್ರ ಹತ್ರ 3 + 3/7, ಅಂದರೆ 3.43.

ಇನ್ನೊಂದು ಬಗೆಯಲ್ಲೂ ನೋಡಬಹುದು. ಮೂಲೆಯನ್ನು ಸ್ವಲ್ಪ ಹೊತ್ತು ಮರೆತುಬಿಡಿ. ಉಳಿದ ಮೂರು ಅಡಿಕೆಯನ್ನು ಚೂರು ಮಾಡಿ ಬಲಬದಿಗೂ ಕೆಳಬದಿಗೂ ಒಂದೇ ಸಮ ಹಚ್ಚಿ. ಎರಡು ಬದಿ ಸೇರಿ ಆರು ಅಡಿಕೆಯಷ್ಟು ಉದ್ದ. ಮೂರನ್ನು ಆರಕ್ಕೆ ಹಂಚಿದರೆ ಅರ್ಧ. ಬದಿ 3.5 ಆಯಿತು. 3.5 × 3.5 ಮಾಡಿ ನೋಡಿ, 12.25 ಬರುತ್ತೆ. ಕಾಲು ಪಾಲು ಜಾಸ್ತಿ. ಆ ಕಾಲು ಎಲ್ಲಿಂದ ಬಂತು? ನಾವು ಮರೆತ ಮೂಲೆಯಿಂದ! ಅರ್ಧಕ್ಕೆ ಅರ್ಧ ಮೂಲೆ, ಸರಿಯಾಗಿ ಕಾಲು.

ನಿಜವಾದ √12 ಅಂದರೆ 3.4641. ಮೊದಲ ದಾರಿ ಸ್ವಲ್ಪ ಕಡಿಮೆ ಕೊಟ್ಟಿತು, ಎರಡನೆಯದು ಸ್ವಲ್ಪ ಜಾಸ್ತಿ ಕೊಟ್ಟಿತು. ಇದು ಪ್ರತಿ ಸಲವೂ ಹೀಗೇ. ನಿಜವಾದ ಉತ್ತರ ಈ ಎರಡರ ನಡುವೆ ಸಿಕ್ಕಿಬಿದ್ದಿರುತ್ತೆ. ಇಷ್ಟು ಕೈಯಲ್ಲಿ ಮಾಡಿ ಅರ್ಥವಾದರೆ ಮುಂದಿನದಕ್ಕೆ ಬಾಯಿಪಾಠ ಬೇಡ. ಆ ಹುಡುಗಿ ಮೂಲೆಯ ಕಾಲನ್ನು ನೋಡಿ ಹಿಗ್ಗಿದ ರೀತಿ ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ.

ಅಂದಾಜು ಹಾಕುವ ಕ್ರಮ

1 ರಿಂದ 30 ರವರೆಗಿನ ವರ್ಗಗಳು ಬಾಯಿಗೆ ಬರಬೇಕು. ಇದಕ್ಕೆ ಅಡ್ಡದಾರಿ ಇಲ್ಲ. ಮಗ್ಗಿ ಕಲಿತ ಹಾಗೆ ದಿನಕ್ಕೆ ಮೂರರಂತೆ ಕಲಿತರೆ ಹತ್ತು ದಿನದ ಕೆಲಸ. ಇನ್ನೊಂದು ಸುಲಭದ ಗುರುತು: ಕೊನೆಯ ಅಂಕಿ 2, 3, 7, 8 ಇರುವ ಯಾವ ಸಂಖ್ಯೆಯೂ ಪೂರ್ಣ ವರ್ಗ ಆಗಲ್ಲ. 2178 ಎಂಟರಲ್ಲಿ ಮುಗಿಯುತ್ತೆ, ಹಾಗಾಗಿ ನೋಡಿದ ಕೂಡಲೇ ಹೇಳಿಬಿಡಬಹುದು.

ಆಮೇಲೆ ಸಂಖ್ಯೆಯನ್ನು ಎರಡು ಪೂರ್ಣ ವರ್ಗಗಳ ನಡುವೆ ಹಿಡಿಯಬೇಕು. 2178 ಕ್ಕೆ: 46 × 46 = 2116, 47 × 47 = 2209. ಅಂದರೆ ಬದಿ 46 ಅಡಿಗಿಂತ ಜಾಸ್ತಿ, 47 ಕ್ಕಿಂತ ಕಡಿಮೆ. ಬೇಲಿಯವರಿಗೆ ಇಷ್ಟೇ ಗೊತ್ತಾದರೂ ಅರ್ಧ ಕೆಲಸ ಮುಗಿದ ಹಾಗೆ.

ಈಗ ಅಡಿಕೆಯಲ್ಲಿ ಮಾಡಿದ್ದನ್ನೇ ಮಾಡೋಣ. 2178 − 2116 = 62 ಉಳಿಯಿತು. ಮೂಲೆ ಬಿಟ್ಟರೆ 46 ರ ಎರಡರಷ್ಟು, 92. 62 ÷ 92 = 0.674. ಮೂಲೆ ಸೇರಿಸಿದರೆ 93. 62 ÷ 93 = 0.667. ಬದಿ 46.667 ಮತ್ತು 46.674 ರ ನಡುವೆ ಇದೆ. ನಡುವಿನದು 46.67 ಅನ್ನೋಣ. ನಿಜ ಬೆಲೆ 46.669. ಅಡಿ ಇಂಚಿನಲ್ಲಿ ಹೇಳುವುದಾದರೆ 46 ಅಡಿ 8 ಇಂಚು.

ನಾಲ್ಕು ಬದಿಗೆ 187 ಅಡಿ ಆಯಿತು. ಗೌಡರು ತರಬೇಕು ಅಂದುಕೊಂಡಿದ್ದು 264. ಎಪ್ಪತ್ತೇಳು ಅಡಿ ಜಾಲರಿ ದುಡ್ಡು ಉಳಿಯಿತು.

ಒಂದು ವಿಷಯ ಗಮನದಲ್ಲಿರಲಿ. ಯಾವಾಗಲೂ ಕೆಳಗಿನ ವರ್ಗದಿಂದಲೇ ಮೇಲೆ ಹತ್ತಬೇಕು ಅಂತಿಲ್ಲ. ಮೇಲಿನದು ಹತ್ರ ಇದ್ದರೆ ಮೇಲಿನಿಂದ ಇಳಿಯಿರಿ. 2178 ಗೆ 2209 ಹತ್ರ, ಕೊರತೆ ಬರೀ 31. 31 ÷ 94 = 0.33. 47 ರಿಂದ 0.33 ಕಳೆದರೆ 46.67. ಅದೇ ಉತ್ತರ, ಇನ್ನೂ ಸಲೀಸು. √15 ನ್ನು 9 ರಿಂದ ಹತ್ತಿಸಿ ಮೂಲೆ ಮರೆತರೆ 3 + 6/6 = 4 ಅಂತ ಬಂದು ಮೋಸ ಹೋಗುತ್ತೇವೆ. 16 ರಿಂದ ಇಳಿದರೆ 4 − 1/8 = 3.875. ನಿಜ ಬೆಲೆ 3.873. ವ್ಯತ್ಯಾಸ ಎಷ್ಟು ಅಂತ ನೀವೇ ನೋಡಿ.

ಸಂಖ್ಯೆ ಎರಡು ವರ್ಗಗಳ ಸರಿನಡುವೆ ಇದ್ದಾಗ ಮಾತ್ರ ಒಂದು ಚೆಂದದ ಉಪಾಯ ಇದೆ. ಮೂಲೆ ಸೇರಿಸಿದ್ದು, ಮೂಲೆ ಬಿಟ್ಟಿದ್ದು ಎರಡನ್ನೂ ಮಾಡಿ, ಸರಾಸರಿ ತಗೊಳ್ಳಿ. √12 ಕ್ಕೆ 3.4286 ಮತ್ತು 3.5. ಸರಾಸರಿ 3.4643. ನಿಜ ಬೆಲೆ 3.4641! √30 ಕ್ಕೂ ಮಾಡಿ ನೋಡಿ, 5.4773 ಬರುತ್ತೆ, ನಿಜ ಬೆಲೆ 5.4772. ಕೈಲೆಕ್ಕಕ್ಕೆ ಇದಕ್ಕಿಂತ ಏನು ಬೇಕು? ಆದರೆ ಸಂಖ್ಯೆ ಒಂದು ತುದಿಗೆ ಹತ್ರ ಇದ್ದರೆ ಈ ಉಪಾಯ ಬೇಡ. ಆಗ ಹತ್ರದ ವರ್ಗದಿಂದ ಮೂಲೆ ಬಿಟ್ಟು ಹೋಗೋದೇ ಒಳ್ಳೇದು.

ಇನ್ನೂ ನಿಖರವಾಗಿ ಬೇಕಾದರೆ: ಭಾಗಿಸು, ಸರಾಸರಿ ಮಾಡು

ಈ ದಾರಿ ತುಂಬಾ ಹಳೆಯದು, ತುಂಬಾ ಗಟ್ಟಿ. ನನಗೆ ಇದರ ಮೇಲೆ ಪ್ರೀತಿ ಜಾಸ್ತಿ. ಯಾಕಂದ್ರೆ ಇದರಲ್ಲಿ ಶುರುವಿನ ಅಂದಾಜು ತಪ್ಪಿದರೂ ಪರವಾಗಿಲ್ಲ, ಅದೇ ತಿದ್ದಿಕೊಳ್ಳುತ್ತೆ.

√10 ನೋಡೋಣ. 3.2 ಇರಬಹುದು ಅಂತ ಊಹಿಸಿ. 10 ನ್ನು 3.2 ರಿಂದ ಭಾಗಿಸಿ, 3.125 ಬಂತು. ಇದರ ಅರ್ಥ ಇಷ್ಟು: 10 ಚದರ ಅಡಿಯ ಒಂದು ಆಯತ ಇದೆ, ಒಂದು ಬದಿ 3.2, ಇನ್ನೊಂದು 3.125. ಒಂದು ಉದ್ದ, ಒಂದು ಗಿಡ್ಡ. ಚೌಕದ ಬದಿ ಈ ಎರಡರ ನಡುವೆ ಇರಲೇಬೇಕು ಅಲ್ವಾ? ಸರಾಸರಿ ತಗೊಂಡರೆ 3.1625. ನಿಜ ಬೆಲೆ 3.16228. ಒಂದೇ ಸುತ್ತಿಗೆ ಮೂರು ದಶಮಾಂಶದ ಹತ್ರ ಬಂದುಬಿಟ್ಟೆವು. ಇನ್ನೊಂದು ಸುತ್ತು ಹಾಕಿದರೆ ಸರಿಯಾದ ಅಂಕಿಗಳು ಹೆಚ್ಚುಕಡಿಮೆ ಎರಡರಷ್ಟಾಗುತ್ತವೆ. ಮನೆ ಕೆಲಸಕ್ಕೆ ಎರಡನೇ ಸುತ್ತು ಬೇಕಾಗೋದೇ ಅಪರೂಪ.

ಹೀಗೆ ಸರಾಸರಿಯಿಂದ ಬಂದ ಉತ್ತರ ಯಾವಾಗಲೂ ನಿಜ ಬೆಲೆಗಿಂತ ಕೂದಲಷ್ಟು ಜಾಸ್ತಿಯೇ ಇರುತ್ತೆ, ಕಡಿಮೆ ಆಗಲ್ಲ. ಜಾಲರಿ, ಹಗ್ಗ, ಪೈಪು ಕೊಳ್ಳುವವರಿಗೆ ಇದು ಒಳ್ಳೇದೇ.

ತಪ್ಪಿಲ್ಲದ ರೂಪ: ಒಳಗಿನ ಚೌಕವನ್ನು ಹೊರಗೆ ತರೋದು

ಈಗ ಇನ್ನೊಂದು ರೂಪಕ್ಕೆ ಬರೋಣ. 46.67 ಅಂದಾಜು. ಆದರೆ ಗೌಡರ ಜಾಗದ ಬದಿಯನ್ನು ಒಂದು ಚೂರೂ ಬಿಡದೆ ಹೇಳಬಹುದು: 33√2.

ಹೇಗೆ ಬಂತು ನೋಡಿ. 2178 ನ್ನು ಅವಿಭಾಜ್ಯ ಸಂಖ್ಯೆಗಳಾಗಿ ಬಿಡಿಸಿ. 2 × 3 × 3 × 11 × 11. ಮೂಲದ ಗುರುತಿನ ಒಳಗೆ ಜೋಡಿ ಇರುವವರು ಹೊರಗೆ ಬರಬಹುದು, ಜೋಡಿಗೆ ಒಬ್ಬರಂತೆ. ಮೂರರ ಜೋಡಿಯಿಂದ ಒಂದು 3, ಹನ್ನೊಂದರ ಜೋಡಿಯಿಂದ ಒಂದು 11. ಹೊರಗೆ 3 × 11 = 33. ಒಳಗೆ ಒಂಟಿ 2. ಹಾಗಾಗಿ 33√2.

ಇದನ್ನು ಬಾಯಲ್ಲಿ ಓದಿ ನೋಡಿ. "ಒಂದು ಗುಂಟೆಯ ಬದಿಯ √2 ರಷ್ಟು." ಎರಡು ಗುಂಟೆ ಅಂದಾಗ ಬದಿ ಎರಡರಷ್ಟಾಗಲ್ಲ, √2 ರಷ್ಟಾಗುತ್ತೆ, ಅಂದರೆ 1.414 ರಷ್ಟು. ದಶಮಾಂಶದ 46.67 ಈ ಗುಟ್ಟನ್ನು ಹೇಳುವುದೇ ಇಲ್ಲ. 33√2 ಎದ್ದು ಹೇಳುತ್ತೆ. ಮೂರು ಗುಂಟೆಗೆ 33√3, ಐದು ಗುಂಟೆಗೆ 33√5. ಇನ್ನು ಬಿಡಿಸೋದೇ ಬೇಡ.

ಹೀಗೆ ಮೂಲದ ಗುರುತು ಉಳಿದ ಸಂಖ್ಯೆಗೆ ನಮ್ಮ ಪಠ್ಯಪುಸ್ತಕದಲ್ಲಿ ಕರಣಿ ಅನ್ನುತ್ತಾರೆ. ಈ ಹೆಸರಿನ ಹಿಂದೆ ಗೌಡರ ಪ್ರಶ್ನೆಯೇ ಇದೆ. ಯಜ್ಞವೇದಿ ಕಟ್ಟಲು ಹಗ್ಗ ಹಿಡಿದು ಅಳೆಯುತ್ತಿದ್ದ ಶುಲ್ಬಸೂತ್ರಗಳ ಕಾಲದಲ್ಲಿ, ಒಂದು ಚೌಕದ ಎರಡರಷ್ಟು ಜಾಗದ ಚೌಕ ಬೇಕಾದಾಗ ಅದರ ಬದಿಯನ್ನು ದ್ವಿಕರಣಿ ಅಂತಿದ್ದರು. ಮೂರರಷ್ಟಕ್ಕೆ ತ್ರಿಕರಣಿ. ಬೌಧಾಯನ ಕೊಟ್ಟ ಲೆಕ್ಕ ಹೀಗಿದೆ: ಒಂದಕ್ಕೆ ಅದರ ಮೂರನೇ ಒಂದು ಪಾಲು ಸೇರಿಸು, ಆ ಪಾಲಿನ ನಾಲ್ಕನೇ ಒಂದು ಸೇರಿಸು, ಕೊನೆಗೆ ಸೇರಿಸಿದ ಆ ಚೂರಿನ ಮೂವತ್ತನಾಲ್ಕನೇ ಒಂದು ಕಳೆ. ಮಾಡಿದರೆ 577/408 ಬರುತ್ತೆ, 1.414216. ನಿಜವಾದ √2 ಅಂದರೆ 1.414214. ಬರೀ ಹಗ್ಗ ಮತ್ತು ಗೂಟ ಇದ್ದ ಕಾಲದ ಲೆಕ್ಕ ಇದು. ಓದುವಾಗೆಲ್ಲ ಮನಸ್ಸು ತುಂಬಿ ಬರುತ್ತೆ.

ಸರಳ ಮಾಡುವಾಗ ಮಕ್ಕಳು ನಡುದಾರಿಯಲ್ಲಿ ನಿಲ್ಲಿಸಿಬಿಡೋದು ಜಾಸ್ತಿ. √72 ನ್ನು 9 × 8 ಮಾಡಿ 3√8 ಅಂತ ಬರೆದು ಕೈ ತೊಳೆದುಕೊಳ್ಳುತ್ತಾರೆ. 8 ರ ಒಳಗೆ ಇನ್ನೂ ಒಂದು 4 ಇದೆ. ಅದನ್ನೂ ಹೊರಗೆ ತಂದರೆ 3 × 2 × √2, ಅಂದರೆ 6√2. ಮೊದಲೇ 36 × 2 ಅಂತ ಕಂಡಿದ್ದರೆ ಒಂದೇ ಏಟಿಗೆ ಮುಗಿಯುತ್ತಿತ್ತು. ಹಾಗಾಗಿ ಸಂಖ್ಯೆಯನ್ನು 4, 9, 16, 25, 36, 49 ರಿಂದ ಭಾಗಿಸಿ ನೋಡಿ. ಹೋಗುವುದರಲ್ಲಿ ದೊಡ್ಡದನ್ನು ಹಿಡಿಯಿರಿ. ಮುಗಿದ ಮೇಲೆ ಒಳಗೆ ಉಳಿದದ್ದರಲ್ಲಿ ಇನ್ನೂ ಚೌಕ ಇದೆಯಾ ಅಂತ ಒಂದು ಸಲ ಇಣುಕಿ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಗುಣಿಸಿದ್ದನ್ನು ಮಾತ್ರ ಬಿಡಿಸಬಹುದು, ಕೂಡಿದ್ದನ್ನು ಬಿಡಿಸಲು ಬರಲ್ಲ. √(9 × 16) ಅಂದರೆ 3 × 4 = 12, ಸರಿ. √(9 + 16) ಅಂದರೆ 3 + 4 ಅಲ್ಲ. ಅದು √25, ಅಂದರೆ 5. ಅದೇ ಥರ √2 + √3 ಯಾವತ್ತೂ √5 ಆಗಲ್ಲ. ಒಳಗಿನ ಸಂಖ್ಯೆ ಒಂದೇ ಇದ್ದರೆ ಮಾತ್ರ ಕೂಡಬಹುದು. √18 + √8 ನೋಡಲು ಬೇರೆ ಬೇರೆ. ಸರಳ ಮಾಡಿದರೆ 3√2 + 2√2, ಒಟ್ಟು 5√2. ಮೊದಲು ಸರಳ, ಆಮೇಲೆ ಕೂಡೋದು. ಪರೀಕ್ಷೆಯಲ್ಲಿ ಅಂಕ ಹೋಗೋದೇ ಇಲ್ಲಿ.

ಒಂದು ಎಕರೆ

ಎಕರೆ ಅಂದರೆ 40 ಗುಂಟೆ, 43,560 ಚದರ ಅಡಿ. ನಮ್ಮ ಕಡೆ ಚೌಕವಾದ ಎಕರೆ ಎಲ್ಲಿ ಸಿಗುತ್ತೆ ಹೇಳಿ! ಗದ್ದೆ ಹಳ್ಳದ ಜೊತೆ ತಿರುಗಿರುತ್ತೆ, ತೋಟ ಗುಡ್ಡದ ಬುಡ ಹಿಡಿದು ಹೋಗಿರುತ್ತೆ. ಆದರೂ ಎಕರೆ ಎಷ್ಟು ದೊಡ್ಡದು ಅಂತ ಕಣ್ಣಿಗೆ ಕಟ್ಟಬೇಕಾದರೆ ಚೌಕದ ಬದಿ ಗೊತ್ತಿರಬೇಕು.

ದೊಡ್ಡ ಸಂಖ್ಯೆ ಬಂದಾಗ ಬಲಗಡೆಯಿಂದ ಎರಡೆರಡು ಅಂಕಿ ಜೋಡಿ ಮಾಡಿ. 4, 35, 60. ಮೂರು ಗುಂಪು, ಹಾಗಾಗಿ ವರ್ಗಮೂಲಕ್ಕೆ ಮೂರು ಅಂಕಿ. ಎಡಗಡೆಯ ಗುಂಪು 4, ಅದರ ಮೂಲ 2. ಅಂದರೆ ಉತ್ತರ ಇನ್ನೂರಚಿಲ್ಲರೆ. 209 × 209 = 43,681. ಜಾಸ್ತಿಯಾಗಿದ್ದು 121. 121 ÷ 418 = 0.29. 209 ರಿಂದ ಕಳೆದರೆ 208.71 ಅಡಿ.

ಸರಳ ಮಾಡಿದರೆ ಇನ್ನೂ ಚೆಂದ. 43,560 = 2 × 2 × 2 × 3 × 3 × 5 × 11 × 11. ಜೋಡಿಗಳು ಹೊರಗೆ ಬಂದರೆ 2 × 3 × 11 = 66. ಒಳಗೆ ಉಳಿದದ್ದು 2 × 5 = 10. ಬದಿ 66√10 ಅಡಿ. ಗೌಡರು ಹೇಳಿದ 66 ಇಲ್ಲಿ ಬಂತು ನೋಡಿ. ಅವರ ಅರವತ್ತಾರರ ಚೌಕ ನಾಲ್ಕು ಗುಂಟೆ. ಅಂಥ ಹತ್ತು ಚೌಕ ಸೇರಿದರೆ ಒಂದು ಎಕರೆ. ಅದಕ್ಕೇ √10.

ಇಲ್ಲೊಂದು ಎಚ್ಚರಿಕೆ. √10 ನ್ನು 3.16 ಅಂತ ಹಿಡಿದು 66 ರಿಂದ ಗುಣಿಸಿದರೆ 208.56 ಬರುತ್ತೆ. ನಿಜ ಬೆಲೆ 208.71. ಹೆಚ್ಚುಕಡಿಮೆ ಎರಡು ಇಂಚು ಹೋಯಿತು. ಸಣ್ಣ ತಪ್ಪು 66 ರಷ್ಟು ದೊಡ್ಡದಾಯಿತು. ಹೊರಗಿನ ಸಂಖ್ಯೆ ದೊಡ್ಡದಿದ್ದರೆ ಒಳಗಿನ ಮೂಲಕ್ಕೆ ಒಂದೆರಡು ದಶಮಾಂಶ ಜಾಸ್ತಿ ತಗೊಳ್ಳಬೇಕು. 3.1623 ಹಿಡಿದರೆ ಸರಿಹೋಗುತ್ತೆ.

ಈ √10 ಕ್ಕೂ ಕನ್ನಡ ನಾಡಿಗೂ ಹಳೇ ನಂಟು. ಒಂಬತ್ತನೇ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿದ್ದ ಗಣಿತಜ್ಞ ಮಹಾವೀರಾಚಾರ್ಯ, ವೃತ್ತದ ಸುತ್ತಳತೆಗೆ ಒರಟು ಲೆಕ್ಕ ಸಾಕಾದರೆ ವ್ಯಾಸದ 3 ರಷ್ಟು ಅಂತಲೂ, ಸೂಕ್ಷ್ಮ ಬೇಕಾದರೆ √10 ರಷ್ಟು ಅಂತಲೂ ಹೇಳಿದ. ಋಣ ಸಂಖ್ಯೆಗೆ ವರ್ಗಮೂಲ ಇಲ್ಲ ಅಂತ ಬಿಡಿಸಿ ಹೇಳಿದವನೂ ಅವನೇ.

ಒಂದಕ್ಕಿಂತ ಸಣ್ಣ ಸಂಖ್ಯೆ ಬಂದಾಗ

√0.9 ಎಷ್ಟು ಅಂತ ಕೇಳಿ ನೋಡಿ. ಹತ್ತರಲ್ಲಿ ಎಂಟು ಜನ 0.3 ಅಂತಾರೆ ಅನ್ನಿಸುತ್ತೆ ನನಗೆ. 0.3 × 0.3 = 0.09, 0.9 ಅಲ್ಲ. ದಶಮಾಂಶದ ಬಲಕ್ಕೂ ಎರಡೆರಡು ಅಂಕಿ ಜೋಡಿ ಮಾಡಬೇಕು. 0.9 ಅಂದರೆ 0.90, ಅಂದರೆ 90/100. √90 ನ್ನು 10 ರಿಂದ ಭಾಗಿಸಿ. 81 ಕ್ಕೂ 100 ಕ್ಕೂ ಸರಿನಡುವೆ 90, ಮೂಲ 9.49. ಉತ್ತರ 0.949. ಒಂದಕ್ಕಿಂತ ಸಣ್ಣ ಸಂಖ್ಯೆಯ ವರ್ಗಮೂಲ ಆ ಸಂಖ್ಯೆಗಿಂತ ದೊಡ್ಡದಿರುತ್ತೆ. ಇದು ನೆನಪಿದ್ದರೆ ತಪ್ಪು ತಾನಾಗಿ ಕಣ್ಣಿಗೆ ಬೀಳುತ್ತೆ.

ಪಾಯ ತೆಗೆಯುವಾಗ

ಶಿವಮೊಗ್ಗದಲ್ಲಿ ಸೈಟು ಮಾಡಿ ಮನೆ ಕಟ್ಟುವವರಿಗೆ ಈ ಲೆಕ್ಕ ದಿನಾ ಬೇಕು. ಪಾಯಕ್ಕೆ ದಾರ ಕಟ್ಟಿದ ಮೇಲೆ ಮೂಲೆ ಸರಿ ಇದೆಯಾ ಅಂತ ನೋಡಲು ಮೇಸ್ತ್ರಿಗಳು ಟೇಪನ್ನು ಮೂಲೆಯಿಂದ ಎದುರು ಮೂಲೆಗೆ ಹಿಡಿಯುತ್ತಾರೆ. 30 × 40 ಆದರೆ ಲೆಕ್ಕ ಸುಲಭ: 900 + 1600 = 2500, ಮೂಲ 50. ಟೇಪು ಸರಿಯಾಗಿ 50 ಅಡಿ ತೋರಿಸಬೇಕು.

20 × 30 ಆದರೆ? 400 + 900 = 1300. ಪೂರ್ಣ ವರ್ಗ ಅಲ್ಲ. ಸರಳ ಮಾಡಿ: 100 × 13, ಅಂದರೆ 10√13. √13 ಕ್ಕೆ 3.6 ಅಂತ ಊಹೆ. 13 ÷ 3.6 = 3.6111. ಸರಾಸರಿ 3.6056. ಹತ್ತರಿಂದ ಗುಣಿಸಿದರೆ 36.056 ಅಡಿ. ಅಡಿಯ ಚಿಲ್ಲರೆ 0.056 ನ್ನು 12 ರಿಂದ ಗುಣಿಸಿದರೆ 0.67 ಇಂಚು. ಅಂದರೆ 36 ಅಡಿ, ಮುಕ್ಕಾಲು ಇಂಚಿಗೆ ಸ್ವಲ್ಪ ಕಡಿಮೆ. ಎರಡೂ ಕಡೆ ಮೂಲೆಯಿಂದ ಮೂಲೆಗೆ ಇಷ್ಟೇ ಬಂದರೆ ಪಾಯ ಮಟ್ಟಸ. ಒಂದು ಕಡೆ 36 ಅಡಿ 4 ಇಂಚು, ಇನ್ನೊಂದು ಕಡೆ ಕಡಿಮೆ ಬಂತು ಅಂದರೆ ಮೂಲೆ ಬಿಚ್ಚಿಕೊಂಡಿದೆ ಅಂತ ಅರ್ಥ. ಕಲ್ಲು ಕೂರಿಸುವ ಮೊದಲೇ ದಾರ ಸರಿಸಿಕೊಳ್ಳಿ. 40 × 60 ಕ್ಕೆ ಬೇರೆ ಲೆಕ್ಕ ಬೇಡ, ಇದರ ಎರಡರಷ್ಟೇ: 20√13, 72 ಅಡಿ ಒಂದೂಕಾಲು ಇಂಚಿಗಿಂತ ಚೂರು ಜಾಸ್ತಿ. ಸರಳ ಮಾಡಿಟ್ಟುಕೊಂಡರೆ ಹೀಗೆ ಒಂದು ಲೆಕ್ಕ ಇನ್ನೊಂದಕ್ಕೆ ಆಗುತ್ತೆ.

ಯಾವಾಗ ಎಲ್ಲಿಗೆ ನಿಲ್ಲಿಸಬೇಕು ಅನ್ನೋದೂ ಗೊತ್ತಿರಬೇಕು. ಬೇಲಿಗೆ ಅರ್ಧ ಅಡಿ ಲೆಕ್ಕಕ್ಕಿಲ್ಲ. ಪಾಯಕ್ಕೆ ಕಾಲು ಇಂಚು ಲೆಕ್ಕ. ಪರೀಕ್ಷೆಯಲ್ಲಿ ಬೆಲೆ ಕೇಳದಿದ್ದರೆ 10√13 ಅಂತಲೇ ಬಿಡಿ, ದಶಮಾಂಶಕ್ಕೆ ಇಳಿಯಬೇಡಿ.

ಜೋಗದಲ್ಲಿ ನಿಂತಾಗ ಮಾಡುವ ಲೆಕ್ಕ

ಮಕ್ಕಳನ್ನು ಜೋಗಕ್ಕೆ ಕರೆದುಕೊಂಡು ಹೋದರೆ ಇದನ್ನು ಮಾಡಿಸಿ. ಜಲಪಾತದ ಎತ್ತರ ಸುಮಾರು 830 ಅಡಿ. ಗಾಳಿಯ ತಡೆ ಇಲ್ಲ ಅಂದುಕೊಂಡರೆ, ಮೇಲಿನಿಂದ ಬಿಟ್ಟ ವಸ್ತು ಬೀಳಲು ಎಷ್ಟು ಸೆಕೆಂಡು ಬೇಕು ಅನ್ನಲು ಅಡಿಯಲ್ಲಿರುವ ಎತ್ತರದ ವರ್ಗಮೂಲವನ್ನು 4 ರಿಂದ ಭಾಗಿಸಿದರೆ ಸಾಕು. √830 ಹುಡುಕಿ. 29 × 29 = 841, ಕೊರತೆ 11. 11 ÷ 58 = 0.19. ಮೂಲ 28.81. ನಾಲ್ಕರಿಂದ ಭಾಗಿಸಿದರೆ 7.2 ಸೆಕೆಂಡು. ನಿಜವಾದ ನೀರು ಗಾಳಿಗೆ ಸಿಕ್ಕಿ ಹನಿಯಾಗಿ ಒಡೆಯೋದರಿಂದ ಇದಕ್ಕಿಂತ ನಿಧಾನ. ರಾಜಾ ಧಾರೆಯಲ್ಲಿ ಒಂದು ಬಿಳಿ ನೀರಿನ ಮುದ್ದೆಯ ಮೇಲೆ ಕಣ್ಣಿಟ್ಟು ಎಣಿಸುತ್ತಾ ಬನ್ನಿ. ಏಳು ದಾಟಿದ ಮೇಲೂ ಅದು ಇಳಿಯುತ್ತಲೇ ಇದ್ದರೆ, ಗಾಳಿ ಎಷ್ಟು ತಡೆಯುತ್ತಿದೆ ಅಂತ ಮಕ್ಕಳಿಗೆ ಕಣ್ಣಾರೆ ಕಾಣುತ್ತೆ.

ದಶಮಾಂಶ ಯಾಕೆ ಮುಗಿಯಲ್ಲ?

ಆ ಹುಡುಗಿ ಕೊನೆಗೆ ಕೇಳಿದ್ದು ಇದನ್ನೇ. "ಮಾವ, ಇನ್ನೂ ಹಾಕ್ತಾ ಹೋದ್ರೆ ಯಾವತ್ತೋ ಒಂದು ದಿನ ಸರಿಯಾಗಿ 2 ಬರುತ್ತಲ್ವಾ?"

1.41 ರ ವರ್ಗ 1.9881. 1.414 ರ ವರ್ಗ 1.999396. 1.4142 ರ ವರ್ಗ 1.99996164. ಹತ್ರ ಹತ್ರ ಹೋಗುತ್ತೆ, ತಲುಪಲ್ಲ. ಯಾಕೆ ಅಂತ ಕೊನೆಯ ಅಂಕಿ ನೋಡಿದರೆ ಸಾಕು. ದಶಮಾಂಶ ಎಲ್ಲೋ ಒಂದು ಕಡೆ ಮುಗಿಯಿತು ಅನ್ನಿ. ಅದರ ಕೊನೆಯ ಅಂಕಿ 1 ರಿಂದ 9 ರೊಳಗೆ ಯಾವುದೋ ಒಂದು, ಸೊನ್ನೆ ಅಲ್ಲ. ಆ ಅಂಕಿಯನ್ನು ಅದರಿಂದಲೇ ಗುಣಿಸಿದರೆ ಕೊನೆಗೆ 1, 4, 9, 6, 5 ಇವುಗಳಲ್ಲಿ ಒಂದು ಬರುತ್ತೆ. ಸೊನ್ನೆ ಬರೋದೇ ಇಲ್ಲ. ಅಂದ ಮೇಲೆ ವರ್ಗ ಮಾಡಿದಾಗ ದಶಮಾಂಶದ ಬಾಲ ಉದ್ದವಾಗುತ್ತೆ ಹೊರತು ಮಾಯವಾಗಿ ಪೂರ್ತಿ 2 ಆಗಲ್ಲ. ಭಿನ್ನರಾಶಿಯಲ್ಲಿ ಬರೆದರೂ √2 ಸರಿಯಾಗಿ ಕೂರಲ್ಲ, ಅದಕ್ಕೇ ಅದನ್ನು ಅಭಾಗಲಬ್ಧ ಸಂಖ್ಯೆ ಅನ್ನೋದು. ಮೂಲದ ಗುರುತು ಹಾಕಿ ಬರೆದರೆ ಮಾತ್ರ ಪೂರ್ತಿ ಸಿಗುತ್ತೆ. 33√2 ಅಂತ ಬರೆದಾಗ ನಾವು ಉತ್ತರವನ್ನು ಅರ್ಧಕ್ಕೆ ಬಿಟ್ಟ ಹಾಗಲ್ಲ. ಪೂರ್ತಿ ಉತ್ತರ ಅಂದರೆ ಅದೇ.

ಗೌಡರು ಹೊರಡುವಾಗ ಇನ್ನೊಂದು ಕೇಳಿದರು. ಪಕ್ಕದಲ್ಲೇ ಅರ್ಧ ಗುಂಟೆ ಚೌಕದಲ್ಲಿ ಕಾಳುಮೆಣಸಿನ ಬಳ್ಳಿ ಮಾಡೋ ಆಸೆ, ಅದಕ್ಕೆಷ್ಟು ಬದಿ ಅಂತ. ನಾನು ಬಾಯಿ ತೆರೆಯುವ ಮೊದಲು ಹುಡುಗಿ ಸೀಮೆಸುಣ್ಣ ತಗೊಂಡಳು. 33/√2 ಅಂತ ಬರೆದಳು. ಕೆಳಗೆ ಮೂಲ ಉಳಿಯಬಾರದು ಅಂತ ಮೇಲೆ ಕೆಳಗೆ ಎರಡಕ್ಕೂ √2 ರಿಂದ ಗುಣಿಸಿದಳು. 33√2/2. ಬರೆದವಳು ತಲೆ ಎತ್ತಿ, "ಅಜ್ಜ, ಇದು ಎರಡು ಗುಂಟೆ ಬದಿಯ ಸರಿಯಾಗಿ ಅರ್ಧ!" ಅಂದಳು. ಜಾಗ ನಾಲ್ಕನೇ ಒಂದು ಪಾಲಾದರೆ ಬದಿ ಅರ್ಧ. 46 ಅಡಿ 8 ಇಂಚಿನ ಅರ್ಧ, 23 ಅಡಿ 4 ಇಂಚು. ಗೌಡರು ಜೇಬಿನಿಂದ ಚೀಟಿ ತೆಗೆದು ಎರಡನ್ನೂ ಬರೆದುಕೊಂಡರು. ಮಳೆ ಸ್ವಲ್ಪ ಹೊಳವಾಗಿತ್ತು. ಗೂಟ ಹೊಡೆಯಲು ಟೇಪು ಹಿಡಿದು ಮೂವರೂ ತೋಟದ ಕಡೆ ಹೊರಟೆವು.